ಕಾಕಾನ ಕಾರು ಕೂತದ

ಹಾನಗಲ್ಲ ತಾಲೂಕಿನಲ್ಲಿ ಆ ಕಾಲಕ್ಕೆ ಎಲ್ಲಕ್ಕಿಂತ ವೇಗದ ಕಾರು ಇದ್ದದ್ದು ನಮ್ಮ ಕಾಕಾನ ಹತ್ತಿರ. ಯಾವ ಊರಿಗೇ ಹೋಗಲಿ, ಎಲ್ಲರಿಗಿಂತ ತಡವಾಗಿ ಮುಟ್ಟುತ್ತಿದ್ದವನೂ ನಮ್ಮ ಕಾಕಾನೇ! ಇವೆರಡೂ ಒಬ್ಬನ ವಿಷಯದಲ್ಲೇ ಹೇಗೆ ನಿಜವಾಗುತ್ತವೆ ಎಂದು ಕೇಳುವವರು ಆ ಕಾರಿನಲ್ಲಿ ಕೂತವರಲ್ಲ, ಅದನ್ನು ದಬ್ಬಿದವರೂ ಅಲ್ಲ. ಕೂತವರೆಲ್ಲರೂ ದಬ್ಬಿದ್ದಾರೆ, ಆ ಮಾತು ಬೇರೆ.

ನಾನು ಹಾಯಸ್ಕೂಲು ಓದಲೆಂದು ಕಾಕಾನ ಮನೆಗೆ ಬಂದು ಅಲ್ಲೇ ಉಳಿದವಳು. ಕಾಕಾ ವಕೀಲ. ಎಪ್ಪತ್ತರ ದಶಕದ ಶುರುವಿನಲ್ಲಿ ಯಾವುದೋ ಕೇಸಿಗೆಂದು ಹುಬ್ಬಳ್ಳಿಗೆ ಹೋದವನು ಅಲ್ಲಿನ ಹತ್ತಿ ವ್ಯಾಪಾರಿಯೊಬ್ಬ ಬಳಸಿ ಬೇಸತ್ತಿದ್ದ ವಿಲಾಯತಿ ಕಾರನ್ನು ಕೊಂಡುಬಿಟ್ಟ. ಉದ್ದ ಮೂತಿ, ಎರಡೆರಡು ಕಾರ್ಬೊರೇಟರು, ವೇಗ ತೋರಿಸುವ ಮುಳ್ಳಿನ ಎದುರು ನೂರಿಪ್ಪತ್ತು ಮೈಲಿಯ ತನಕ ಅಂಕಿ! "ವಕೀಲರ, ಇದು ಓಟದ ತಳಿ ರೀ. ಹಿಡಿಯೂದು ಕಷ್ಟ" ಎಂದಿದ್ದನಂತೆ ವ್ಯಾಪಾರಿ. ಪುಣ್ಯಾತ್ಮ ಸುಳ್ಳು ಹೇಳಿರಲಿಲ್ಲ. ಕಾರು ತಡಸದ ತನಕ ಓಡಿತು, ಅಲ್ಲಿ ನಿಂತಿತು. ಅಲ್ಲಿಂದ ಮುಂದೆ ಹಾನಗಲ್ಲಿಗೆ ಅದನ್ನು ಎಳೆತಂದದ್ದು ಬಾಡಿಗೆಯ ಎರಡು ಎತ್ತು. ಕಾಕಾ ಒಳಗೆ ಕರಿ ಕೋಟಿನಲ್ಲಿ ಸ್ಟೇರಿಂಗು ಹಿಡಿದು ಕೂತು, ತಿರುವು ಬಂದಾಗಲೆಲ್ಲ ಎತ್ತುಗಳಿಗೆ ಹಾರ್ನು ಹೊಡೆಯುತ್ತ ಊರು ಪ್ರವೇಶಿಸಿದ.

ಅವನ ಒಬ್ಬಳೇ ಮಗಳು ಪದ್ದಿ ಆಗಿನ್ನೂ ಚಿಕ್ಕವಳು. ಓಡಿಬಂದು, "ಅಪ್ಪಾ, ಎತ್ತೂ ಕಾರಿನ ಜೋಡಿನ ಕೊಟ್ಟಾರೇನು?" ಎಂದಳು. ಕಾಕಾ ಅವಳನ್ನೆತ್ತಿ ಬಾನೆಟ್ಟಿನ ಮೇಲೆ ಕೂಡಿಸಿ, ಓಣಿಯ ಮಂದಿಯೆಲ್ಲ ಕೇಳುವಂತೆ ಹೇಳಿದ: "ನೋಡವಾ, ನಿನ್ನ ಗಂಡನ ಮನಿಗೆ ನಾನ ಇದರಾಗ ಕರಕೊಂಡ ಹೋಗಿ ಬಿಡ್ತೇನಿ. ಬಸ್ಸ ಬ್ಯಾಡ, ಬಾಡಿಗಿ ಗಾಡಿ ಬ್ಯಾಡ. ಇದು ನನ್ನ ಮಾತು."

ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ, ನಮ್ಮ ಕಾಕು, "ಹಂಗಾರ ಅಕೀಗೆ ಈ ಜನ್ಮದಾಗ ಗಂಡನ ಮನಿ ಇಲ್ಲ ಬಿಡ್ರಿ" ಎಂದು ಒಳಗೆ ಹೋದಳು.

ಅಂದಿನಿಂದ ಕಾಕಾನ ಬದುಕಿಗೆ ಇದ್ದದ್ದು ಅದೊಂದೇ ಗುರಿ. ಕಾರು ರಿಪೇರಿ ಮಾಡಿಸುವಾಗ ಯಾರಾದರೂ ಇದನ್ನು ಮಾರಿಬಿಡಬಾರದೇ ಎಂದರೆ, "ಮಗಳಿಗೆ ಮಾತು ಕೊಟ್ಟೇನಿ" ಎನ್ನುತ್ತಿದ್ದ. ರಿಪೇರಿಯೋ, ದೇವರೇ! ಆ ಕಾರಿನ ಸಾಮಾನು ಹಿಂದುಸ್ತಾನದಲ್ಲಿ ಎಲ್ಲಿಯೂ ಸಿಗುತ್ತಿರಲಿಲ್ಲ. ಸಿಕ್ಕರೂ ಅದರ ಬೆಲೆಗೆ ಒಂದು ಎಮ್ಮೆ ಬರುತ್ತಿತ್ತು. ಹೀಗಾಗಿ ನಮ್ಮ ಕಾಕುವಿನ ಸಂಸಾರವೇ ಒಂದೊಂದಾಗಿ ಕಾರಿನೊಳಗೆ ಸೇರತೊಡಗಿತು. ಪೆಟ್ರೋಲು ಟಾಕಿ ಸೋರಿದರೆ ಮೈತಿಕ್ಕುವ ಸಾಬೂನು ಮೆತ್ತುತ್ತಿದ್ದ. ಫ್ಯಾನ್ ಬೆಲ್ಟು ಹರಿದರೆ ಧೋತರದ ಅಂಚು ಹರಿದು ಹೊಸೆದು ಕಟ್ಟುತ್ತಿದ್ದ. ರೇಡಿಯೇಟರ್ ಸೋರಿದರೆ ಅಡುಗೆಮನೆಯ ಅರಿಷಿಣ ಪುಡಿ ಸುರಿಯುತ್ತಿದ್ದ. ಅದು ಬಿಸಿಗೆ ಕುದ್ದು ತೂತು ಮುಚ್ಚುತ್ತದಂತೆ. ಮುಚ್ಚುತ್ತಲೂ ಇತ್ತು. ಆದರೆ ಕಾರು ಹೋದಲ್ಲೆಲ್ಲ ಸಾರು ಕುದಿಯುವ ವಾಸನೆ! ಅಕ್ಕಿಆಲೂರ ಸಂತೆಯಲ್ಲಿ ನಿಂತಾಗ ಒಬ್ಬ ಮುದುಕ ಮೂಗರಳಿಸಿಕೊಂಡು ಬಂದು, "ಏನ್ರೀ, ಖಾನಾವಳಿ ಗಾಡಿ ಏನಿದು? ಊಟ ಎಷ್ಟೊತ್ತಿಗೆ?" ಎಂದು ಕೇಳಿದ್ದ.

ಇಷ್ಟೆಲ್ಲ ಆದರೂ ಕಾರು ಕೆಟ್ಟಿದೆ ಎಂದು ಮಾತ್ರ ಯಾರೂ ಅನ್ನುವಂತಿರಲಿಲ್ಲ. ನಮ್ಮ ಮನೆಗಳಲ್ಲಿ ಕುಂಕುಮ ತೀರಿತು ಅನ್ನುವುದಿಲ್ಲ, ಹೆಚ್ಚಾಯಿತು ಅನ್ನುತ್ತೇವೆ. ದೀಪ ಆರಿಸು ಅನ್ನುವುದಿಲ್ಲ, ದೊಡ್ಡದು ಮಾಡು ಅನ್ನುತ್ತೇವೆ. ಕೆಟ್ಟ ಮಾತು ಬಾಯಿಂದ ಬರಬಾರದು ಎಂದು. ಕಾಕಾ ಈ ಪದ್ಧತಿಯನ್ನು ಕಾರಿಗೂ ವಿಸ್ತರಿಸಿದ. ಕಾರು ಕೆಟ್ಟಿತು ಅಂದರೆ ಅವನಿಗೆ ಕೆಂಡದಂಥ ಸಿಟ್ಟು. "ಕೆಟ್ಟದ ಅನಬ್ಯಾಡ್ರಿ. ಕೂತದ. ಮನಷ್ಯಾ ದಣದರ ಕೂಡೂದಿಲ್ಲೇನು? ಹಂಗ." ಕೋರ್ಟಿಗೆ ತಡವಾಗಿ ಹೋದಾಗ ಜಡ್ಜ ಸಾಹೇಬರ ಎದುರೂ ಇದೇ ಭಾಷೆ: "ಸ್ವಾಮಿ, ನನ್ನ ಗಾಡಿ ದಾರ್ಯಾಗ ಕೂತಿತ್ತು." ಸಾಹೇಬರು ತಲೆ ಎತ್ತದೆ, "ಇನ್ನೂ ಮಲಗಿಲ್ಲಲ್ಲಾ ವಕೀಲರ? ಹಂಗಾರ ವಾದ ಶುರು ಮಾಡ್ರಿ" ಎಂದರಂತೆ.

ಈ ಭಾಷೆಯಿಂದ ದೊಡ್ಡ ಅನಾಹುತವಾದದ್ದು ಸವಣೂರಿನಲ್ಲಿ. ಕಾರು ಊರ ಹೊರಗೆ ನಿಂತಿತ್ತು. ಕಾರಣ ಬಹಳ ಸಣ್ಣದು, ಪೆಟ್ರೋಲು ತೀರಿತ್ತು. ಕಾಕಾ ನಡೆದು ಹೋಗಿ ಮಿಸ್ತ್ರಿಯೊಬ್ಬನಿಗೆ ಹೇಳಿದ: "ನನ್ನ ಗಾಡಿ ಕೂತದ. ಪೆಟ್ರೋಲು ಹೆಚ್ಚಾಗೇದ. ಸ್ವಲ್ಪ ನೋಡಪಾ. ನಾ ಕಚೇರಿ ಕೆಲಸ ಮುಗಿಸಿ ಬರ್ತೇನಿ." ಕುಂಕುಮಕ್ಕೆ ನಡೆಯುವ ಮಾತು ಪೆಟ್ರೋಲಿಗೆ ಯಾಕೆ ನಡೆಯಬಾರದು? ಆದರೆ ಮಿಸ್ತ್ರಿಗಳ ಲೋಕದಲ್ಲಿ ಗಾಡಿ ಕೂತಿದೆ ಅಂದರೆ ಹಿಂದಿನ ಪಾಟಾ, ಅಂದರೆ ಗಾಲಿಯ ಮೇಲಿನ ಸ್ಪ್ರಿಂಗಿನ ಪಟ್ಟಿ, ಸೋತು ಕುಸಿದಿದೆ ಎಂದರ್ಥ. ಪೆಟ್ರೋಲು ಹೆಚ್ಚಾಗಿದೆ ಅಂದರೆ ಹೆಚ್ಚಾಗಿದೆ ಎಂದೇ ಅರ್ಥ! ಆತ ನಿಯತ್ತಿನ ಮನುಷ್ಯ, ಹೇಳಿದ್ದನ್ನೆಲ್ಲ ಮಾಡಿದ್ದ. ಹಳೆಯ ಲಾರಿಯ ಪಾಟಾ ಹಾಕಿ ಹಿಂಭಾಗವನ್ನು ಎತ್ತರಿಸಿದ್ದ. ಎರಡೂ ಕಾರ್ಬೊರೇಟರಿನ ಸ್ಕ್ರೂ ಬಿಗಿದು ಪೆಟ್ರೋಲು ಕಡಿಮೆ ಮಾಡಿದ್ದ.

ಸಂಜೆ ಬಂದು ನೋಡಿದರೆ ಕಾರು ನಮಸ್ಕಾರ ಮಾಡುವ ಭಂಗಿಯಲ್ಲಿದೆ!

"ಏನ ಮಾಡಿಯೋ ಇದನ್ನ?"

"ಕೂತೈತಿ ಅಂದ್ರೆಲ್ಲರಿ ಸಾಹೇಬ್ರ. ಎಬ್ಬಿಸೇನಿ. ಇನ್ನ ಹತ್ತ ವರ್ಷ ಕುಂಡ್ರಂಗಿಲ್ರಿ."

ಅಂದಿನಿಂದ ಕಾಕಾ ಬ್ರೇಕು ಒತ್ತಿದಾಗಲೆಲ್ಲ ಹಿಂದಿನ ಸೀಟಿನ ನಾವು ಜಾರಿ ಮುಂದಿನವರ ಕೊರಳಿಗೆ ಬಂದು ಬೀಳುತ್ತಿದ್ದೆವು. ಕಾಕಾ ಅದನ್ನೂ ಒಳ್ಳೆಯದೆಂದೇ ಹೇಳಿದ. ಮನೆಯವರೊಳಗೆ ಪ್ರೀತಿ ಬೆಳೆಯುತ್ತದಂತೆ!

ಹೀಗೆ ಕಾಲ ಉರುಳಿ ಪದ್ದಿ ಸೀರೆ ಉಡುವಷ್ಟು ದೊಡ್ಡವಳಾದಳು, ವರಗಳು ಬರತೊಡಗಿದವು. ಹಿರೇಕೆರೂರಿನ ಒಂದು ಮನೆಯವರು ಹುಡುಗಿಯನ್ನು ಒಪ್ಪಿದ್ದರು. ಮಾತುಕತೆಗೆಂದು ನಾವು ಅಲ್ಲಿಗೆ ಹೋದದ್ದು ಇದೇ ಕಾರಿನಲ್ಲಿ. ಅವರ ಅಂಗಳದಲ್ಲಿ ನಿಂತದ್ದೇ ತಡ, ರೇಡಿಯೇಟರಿನ ಮುಚ್ಚಳ ಹಾರಿ, ಎದುರು ಬಂದ ಬೀಗರ ಬಿಳೀ ಧೋತರದ ಮೇಲೆಲ್ಲ ಹಳದಿ ನೀರು! ಕಾಕು ಕಣ್ಣು ಮುಚ್ಚಿ ದೇವರನ್ನು ನೆನೆಯತೊಡಗಿದಳು. ಅಷ್ಟರಲ್ಲಿ ಕಟ್ಟೆಯ ಮೇಲೆ ಕೂತಿದ್ದ ಅವರ ಮನೆಯ ಅಜ್ಜಿ, "ಏನದು, ಅರಿಷಿಣದ ನೀರ ಹೌದಲ್ಲ? ಮತ್ತಿನ್ನೇನ್ರಿ, ಹೆಣ್ಣಿನವರು ಬರೂದರಾಗನ ಅರಿಷಿಣ ಹಚ್ಚಿದರು. ಮುಗೀತು. ಸಕ್ರಿ ಹಂಚ್ರಿ!" ಎಂದಳು. ಸಂಬಂಧ ಕೂಡಿತು. ವಾಪಸು ಬರುವಾಗ ಕಾಕಾನ ಮುಖ ನೋಡಬೇಕಿತ್ತು. ಮದುವೆ ಕೂಡಿಸಿದ್ದು ತನ್ನ ಕಾರೇ ಎಂದು ಶಿಗ್ಗಾವಿಯ ನೆಂಟರಿಗೆಲ್ಲ ಪತ್ರ ಬರೆದ.

ಆದರೆ ಕಾಕು ಇನ್ನು ಸುಮ್ಮನಿರುವವಳಲ್ಲ. "ನನ್ನ ಮಗಳು ಮುಹೂರ್ತದೊಳಗ ಗಂಡನ ಮನಿ ಹೊಸ್ತಲಾ ದಾಟಬೇಕ್ರಿ. ನಿಮ್ಮ ಹಟಕ್ಕ ಅಕೀನ್ನ ಹಾದ್ಯಾಗ ಕೂಡಸಬ್ಯಾಡ್ರಿ. ಬಸ್ಸಿನಾಗ ಎಲ್ಲಾರ ಜೋಡಿ ಬರ್ಲಿ."

"ಅಕೀ ಸಣ್ಣಾಕಿ ಇದ್ದಾಗ ಮಾತು ಕೊಟ್ಟೇನಿ."

"ಅಕೀಗೆ ಅದು ನೆನಪರೆ ಅದ ಏನು?"

ಕಾಕಾನಿಗೆ ಆ ಮಾತು ತಾಗಿತು. ಎದ್ದು ಹೋದ. ಪದ್ದಿ ಒಳಗಿಂದಲೇ, "ಅವ್ವಾ, ನಾ ಅಪ್ಪನ ಗಾಡ್ಯಾಗ ಹೋಗಾಕಿ" ಎಂದಳು. ಅಲ್ಲಿಗೆ ವಾದ ಮುಗಿಯಿತು. ಕಾಕಾ ಅದೇ ಸವಣೂರ ಮಿಸ್ತ್ರಿಯನ್ನು ಕರೆಸಿ, ಮನೆಯಲ್ಲೇ ಇಟ್ಟುಕೊಂಡು, ಇಂಜಿನ್ನನ್ನೆಲ್ಲ ಬಿಚ್ಚಿಸಿದ. ಈ ಸಲ ಮಾತ್ರ ಬಾಯಿ ಬಿಟ್ಟು ಕೆಟ್ಟದ್ದನ್ನೆಲ್ಲ ಕೆಟ್ಟಿದೆ ಎಂದೇ ಹೇಳಿದ. ಮಗಳಿಗಾಗಿ ಶಾಸ್ತ್ರ ಬಿಟ್ಟ!

ಮದುವೆ ಮುಗಿದ ಮರುದಿನ ಬೆಳಿಗ್ಗೆ ಹೊರಟೆವು. ಕಾಕಾ ಸ್ಟೇರಿಂಗಿಗೆ, ನಾನು ಅವನ ಪಕ್ಕಕ್ಕೆ, ಮದುಮಕ್ಕಳು ಹಿಂದೆ. ಕಾಕು ಮತ್ತು ಬೀಗರು ಬಸ್ಸಿನಲ್ಲಿ ಮುಂಚೆಯೇ ಹೊರಟಿದ್ದರು. ದಬ್ಬಬೇಕಾದೀತೆಂದು ನಾನು ಸೆರಗು ಸಿಗಿಸಿಕೊಂಡೇ ಕೂತಿದ್ದೆ. ಚಾವಿ ತಿರುವಿದ್ದೇ, ಗುರ್ ಎಂದು ಎದ್ದಿತು ನೋಡಿ! ಅಕ್ಕಿಆಲೂರು ಎಷ್ಟು ಹೊತ್ತಿಗೆ ಹಿಂದೆ ಹೋಯಿತೋ ತಿಳಿಯಲಿಲ್ಲ. ಮುಂದೆ ಹೋಗುತ್ತಿದ್ದ ನಮ್ಮದೇ ಬಸ್ಸನ್ನು ಹಿಂದೆ ಹಾಕಿತು! ಕಿಟಕಿಯಲ್ಲಿ ಕಾಕು ಬಾಯಿ ತೆರೆದದ್ದು ಕಂಡಿತು. ನಾನು ಕೂಗಿದೆ, ಅಳಿಯ ಚಪ್ಪಾಳೆ ತಟ್ಟಿದ. ಅಷ್ಟು ವರ್ಷ ಕಾದ ವೇಗ ಅಂದು ಬಂದಿತ್ತು. ಹೊಲ, ಗಿಡ, ಊರು ಎಲ್ಲ ಸರಸರ ಸರಿದವು. ಕಾಕಾ ಮಾತ್ರ ಮತ್ತೆ ಮತ್ತೆ ಕನ್ನಡಿಯಲ್ಲಿ ಹಿಂದಿನ ಸೀಟು ನೋಡುತ್ತಿದ್ದ.

ಹಿರೇಕೆರೂರು ಇನ್ನೇನು ಬಂತು ಅನ್ನುವಾಗ ರಸ್ತೆಯ ಪಕ್ಕಕ್ಕೆ ಒಂದು ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿದ.

"ಯಾಕ್ರೀ ಮಾವನವರ?" ಎಂದ ಅಳಿಯ.

"ಕೂತದ" ಎಂದ ಕಾಕಾ.

ಇಂಜಿನ್ನು ಇನ್ನೂ ಸಣ್ಣಗೆ ಹಾಡುತ್ತಿತ್ತು. ನಾನು ಕಾಕಾನ ಮುಖ ನೋಡಿದೆ. ಆಗ ಅವನಿಗೂ ಗೊತ್ತಾಗಿ, ಮೆಲ್ಲಗೆ ಚಾವಿ ತಿರುವಿ ಇಂಜಿನ್ನು ಬಂದ್ ಮಾಡಿದ.

ಅಳಿಯ ಓದಿದ ಹುಡುಗ, ಬಾನೆಟ್ಟು ತೆಗೆದು ನೋಡಲು ಹೊರಟ. ಪದ್ದಿ ಅವನ ತೋಳು ಹಿಡಿದಳು. "ಬ್ಯಾಡ್ರಿ. ನೀವು ಇಲ್ಲೇ ಇರ್ರಿ" ಎಂದು ಹೇಳಿ, ತಾನು ಇಳಿದು, ಆ ಕಡೆಯಿಂದ ಬಂದು ಅಪ್ಪನ ಬಾಗಿಲು ತೆರೆದಳು. ಕಾಕಾ ಇಳಿದ. ಇಬ್ಬರೂ ಬೇವಿನ ಬೇರಿನ ಮೇಲೆ ಕೂತರು.

"ಏನವಾ," ಎಂದ ಕಾಕಾ, "ಅರ್ಧಾ ದಾರ್ಯಾಗರೆ ಕೂಡಬಾರದಿತ್ತೇನು ಇದು? ಇವತ್ತ ಇಷ್ಟು ಓಡಬೇಕಿತ್ತೇನು?" ಕೋರ್ಟಿನಲ್ಲಿ ಒಮ್ಮೆಯೂ ಮಾತಿಗೆ ತಡವರಿಸದ ಮನುಷ್ಯ, ಮಗಳ ಭುಜಕ್ಕೆ ಹಣೆ ಒತ್ತಿ ಮಕ್ಕಳ ಹಾಗೆ ಅತ್ತುಬಿಟ್ಟ. ಪದ್ದಿ ಅವನ ಬೆನ್ನು ಸವರುತ್ತ ತಾನೂ ಅಳುತ್ತಿದ್ದಳು. ಕಾರಿನಲ್ಲಿ ಕೂತ ನನಗೂ ತಡೆಯಲಾಗಲಿಲ್ಲ.

ಅಷ್ಟರಲ್ಲಿ ಹಿಂದಿನಿಂದ ಬಸ್ಸು ಬಂತು. ಡ್ರೈವರು ನಿಧಾನ ಮಾಡಿ, "ದಬ್ಬಬೇಕೇನ್ರೀ?" ಎಂದು ಕೂಗಿದ. ಕಿಟಕಿಯಿಂದ ಕಾಕು ಸಿಟ್ಟಿನಿಂದ ಅರ್ಧ ಮೈ ಹೊರಗೆ ಹಾಕಿದ್ದಳು, ಏನೋ ಅನ್ನಬೇಕೆಂದು ಬಾಯಿ ತೆರೆದಿದ್ದಳು. ಮರದ ಕೆಳಗಿನ ಇಬ್ಬರನ್ನೂ ನೋಡಿದಳು. ಮೆಲ್ಲಗೆ ಒಳಗೆ ಸರಿದು, ಸೆರಗಿನಿಂದ ಕಣ್ಣೊರೆಸಿಕೊಂಡು, "ಮುಹೂರ್ತಕ್ಕ ಇನ್ನೂ ವ್ಯಾಳೆ ಅದ. ನೀ ನಡೀಪಾ, ಅವರು ಬರ್ತಾರ" ಎಂದು ಡ್ರೈವರಿಗೆ ಹೇಳಿದಳು.