ಮಾದಪ್ಪನ ಆಣೆ ಮತ್ತು ಆಟದ ರೈಲು

ಚಳವಳಿ ಮಾಡುವವನಿಗೆ ಸರ್ಕಾರ ಕೊಡುವ ಕಾಟ ದೊಡ್ಡದಲ್ಲ. ಅದು ಹೊಡೆಸುತ್ತದೆ, ಒಳಗೆ ಹಾಕುತ್ತದೆ. ಅದಕ್ಕೆ ಮೈ ಗಟ್ಟಿ ಮಾಡಿಕೊಂಡಿರಬಹುದು. ಆದರೆ ನಮ್ಮವರೇ ಯಾವ ಗಳಿಗೆಯಲ್ಲಿ ನಗಿಸಿಬಿಡುತ್ತಾರೋ ಹೇಳಲಾಗದು. ಮುಷ್ಟಿ ಬಿಗಿದು ನಿಂತವನು ನಕ್ಕುಬಿಟ್ಟರೆ ಮುಷ್ಟಿ ಸಡಿಲ. ನನಗೆ ಇದು ಆಗುತ್ತಲೇ ಬಂದಿದೆ.

ನಾನು ಹೆಚ್ಚು ಓದಿದವನಲ್ಲ. ಬಜ್ಜಿ ಕಟ್ಟಿಕೊಟ್ಟ ಪೇಪರು ಬಿಡಿಸಿ ಓದಿ ಲೋಕ ತಿಳಿದವನು. ಆ ಪೇಪರುಗಳಲ್ಲಿ ಎಲ್ಲೆಲ್ಲಿಗೋ ಹೊಸ ರೈಲು ಬಿಟ್ಟ ಸುದ್ದಿ ಇರುತ್ತಿತ್ತು. ಕೊಳ್ಳೇಗಾಲಕ್ಕೆ ಮಾತ್ರ ಇಲ್ಲ. ನಮ್ಮ ರೇಷ್ಮೆ ಬೇಕು, ನಮ್ಮ ಓಟು ಬೇಕು, ನಮ್ಮೂರಿಗೆ ಕಂಬಿ ಮಾತ್ರ ಬೇಡ. ಎಂಬತ್ತರ ದಶಕದಲ್ಲಿ ನಾನು ಕೂಗಲು ಶುರು ಮಾಡಿದ್ದು ಹೀಗೆ.

ಗೆದ್ದ ಬೇಡಿಕೆ

ನಮ್ಮ ಚಳವಳಿಯಲ್ಲಿ ಇದ್ದದ್ದು ಒಂದೇ ಶಿಸ್ತು. ನಾನು ಮುಂದೆ ನಿಂತು ‘ಬೇಕೇ ಬೇಕು’ ಅಂದರೆ ಹಿಂದಿನವರು ‘ರೈಲು ಬೇಕು’ ಅನ್ನಬೇಕು. ನಾನು ಏನು ಕೂಗಿದರೂ ಅದಕ್ಕೆ ಜೋಡಿ ಕೂಗು ತಕ್ಷಣ ಬರಬೇಕು. ಯೋಚನೆ ನನ್ನದು, ಗಂಟಲು ಅವರದು. ಮುಳ್ಳೂರಿನಲ್ಲಿ ಕೂಲಿ ಮಾಡುತ್ತಿದ್ದ ನನ್ನ ಅಕ್ಕ ಈ ವಿದ್ಯೆಯಲ್ಲಿ ಎಲ್ಲರಿಗೂ ಗುರು. ಧರಣಿ ಅಂದರೆ ಸಾಕು, ಕಳೆ ಕೀಳುವ ಹೆಂಗಸರನ್ನೆಲ್ಲ ಗದ್ದೆಯಿಂದಲೇ ಎಬ್ಬಿಸಿಕೊಂಡು ಬರುತ್ತಿದ್ದಳು.

ಒಂದು ಬೇಸಿಗೆ, ಕೊಳ್ಳೇಗಾಲದ ಕಚೇರಿ ಮುಂದೆ ಕೂಗಿ ಕೂಗಿ ನನ್ನ ಗಂಟಲು ಒಣಗಿತು. ಹಿಂದಕ್ಕೆ ತಿರುಗಿ ‘ನೀರು, ನೀರು’ ಅಂದೆ. ಅಕ್ಕ ಮುಷ್ಟಿ ಎತ್ತಿದಳು.

‘ಬೇಕೇ ಬೇಕು, ನೀರು ಬೇಕು!’

ನಾನು ಕೈಯಾಡಿಸಿ ‘ಕುಡಿಯಕ್ಕೆ, ಕುಡಿಯಕ್ಕೆ’ ಅಂದೆ.

‘ಕುಡಿಯಕ್ಕೆ ನೀರು ಬೇಕು!’ ಎಂದು ಇಡೀ ಗುಂಪು ಗುಡುಗಿತು.

ರೈಲಿನ ವಿಷಯಕ್ಕೆ ಏನು ಹೇಳುವುದೆಂದು ಒಳಗೆ ತಿಣುಕುತ್ತಿದ್ದ ಅಧಿಕಾರಿ ಬಾಗಿಲಿಗೆ ಓಡಿ ಬಂದರು. ‘ನೀರು ತಾನೇ? ಮೊದಲೇ ಹೇಳಬಾರದಾ? ಬೋರ್‌ವೆಲ್ ಕೊರೆಸೋಣ’ ಅಂದರು. ಕೊರೆಸಿದರು ಕೂಡ. ನನ್ನ ಇಡೀ ಹೋರಾಟದಲ್ಲಿ ಗೆದ್ದ ಬೇಡಿಕೆ ಅದೊಂದೇ. ಅವತ್ತು ಸಂಜೆಯವರೆಗೂ ನನಗೆ ಮಾತ್ರ ಕುಡಿಯಲು ನೀರು ಸಿಗಲಿಲ್ಲ.

ಆಣೆ

ಆಮೇಲೆ ಬಂದ ಅಧಿಕಾರಿ ಬುದ್ಧಿವಂತ. ‘ಚಾಮರಾಜನಗರದಲ್ಲಿ ರೈಲು ಇದೆಯಲ್ಲ, ಅಲ್ಲಿ ಹೋಗಿ ಹತ್ತಿ’ ಅಂದ. ನನಗೆ ಮೈಯೆಲ್ಲ ಉರಿಯಿತು. ಎಲ್ಲರನ್ನೂ ಮಾದಪ್ಪನ ಬೆಟ್ಟಕ್ಕೆ ಕರೆದುಕೊಂಡು ಹೋಗಿ, ‘ನಮ್ಮೂರಿಗೆ ರೈಲು ಬರುವ ತನಕ ಬೇರೆ ಯಾವ ಊರಿನ ರೈಲನ್ನೂ ಹತ್ತುವುದಿಲ್ಲ’ ಎಂದು ಆಣೆ ಮಾಡಿಸಿದೆ. ನಮ್ಮ ಸೀಮೆಯಲ್ಲಿ ಮಂತ್ರಿ ಕೊಟ್ಟ ಮಾತು ಮುರಿಯಬಹುದು. ಮಾದಪ್ಪನ ಮೇಲಿನ ಆಣೆ ಮುರಿದವನ ಮನೆಯಲ್ಲಿ ನೀರು ಕುಡಿಯುವವರಿಲ್ಲ.

ಇದರಿಂದ ಆದದ್ದೇನೆಂದರೆ, ರೈಲು ಕೊಡಿ ಎಂದು ಕೇಳಲು ನಾವು ಬೆಂಗಳೂರಿಗೆ ಬಸ್ಸಿನಲ್ಲಿ ಹೋದೆವು. ದಾರಿಯುದ್ದಕ್ಕೂ ವಾಂತಿ. ಅಲ್ಲಿಯ ದೊಡ್ಡ ಸಾಹೇಬರು ನಮ್ಮ ಬಾಡಿದ ಮುಖಗಳನ್ನು ನೋಡಿ, ‘ನಿಮ್ಮಲ್ಲಿ ಯಾರಾದರೂ ರೈಲು ಹತ್ತಿದ್ದೀರಾ?’ ಎಂದು ಕೇಳಿದರು.

‘ಇಲ್ಲ ಸಾ’ ಎಂದರು ಎಲ್ಲರೂ, ಹೆಮ್ಮೆಯಿಂದ.

‘ಹತ್ತಿಯೇ ಇಲ್ಲ, ಮತ್ತೆ ಅದು ಬೇಕು ಅಂತ ಹೇಗೆ ಗೊತ್ತು?’

ಅಕ್ಕ ಸೆರಗು ಬಿಗಿದುಕೊಂಡಳು. ‘ನಿಮ್ ತಲೆ ಇಂದ್ಗಡೆ ದೇವ್ರ ಪಟ ಅದಲ್ಲ ಸಾ, ನೀವು ಸ್ವರ್ಗಕ್ಕೆ ಓಗಿ ನೋಡ್ಕಬಂದಾ ದಿನಾ ಊದ್ಗಡ್ಡಿ ಅಚ್ಚೋದು?’

ಯಳಂದೂರಿನ ಗೋಡೆ

ಹೊಸ ಶತಮಾನ ಬಂತು, ರೈಲು ಬರಲಿಲ್ಲ. ಬಂದದ್ದು ಮೈಕು ಕಟ್ಟಿದ ಒಂದು ವ್ಯಾನು. ಮೈಸೂರಿನ ಕಡೆ ಯಾರೋ ಮನರಂಜನೆಯ ಪಾರ್ಕು ಮಾಡಿದ್ದಾರಂತೆ, ಅದರಲ್ಲಿ ಹೊಸ ರೋಲರ್ ಕೋಸ್ಟರ್ ಬರುತ್ತದಂತೆ, ಮನೆಮಂದಿಯೆಲ್ಲ ಒಟ್ಟಿಗೆ ಹತ್ತಬಹುದಂತೆ, ಯುಗಾದಿಗೆ ಶುರುವಂತೆ. ಬಡವರ ಊರಿಗೆ ರೈಲು ಬಿಡದವರು ಆಟಕ್ಕೆ ರೈಲು ಬಿಡುತ್ತಾರೆ! ನಾನು ವ್ಯಾನಿನ ಹಿಂದೆ ಧಿಕ್ಕಾರ ಕೂಗಿಕೊಂಡು ಸ್ವಲ್ಪ ದೂರ ಓಡಿದೆ.

ಸಿಟ್ಟು ಇಳಿಯುವ ಮೊದಲೇ ಯಳಂದೂರಿಗೆ ಹೋದರೆ, ಟೀ ಅಂಗಡಿಯವನು ಬೀದಿಗೆ ಬಂದು ನನ್ನ ಕೈ ಹಿಡಿದುಕೊಂಡ.

‘ಗೆದ್ಬುಟ್ರಲ್ಲ ಸಾ! ಬಿಡ್ಲಿಲ್ಲ ನೀವು, ತಂದೇಬುಟ್ರಿ!’

ತಿರುಗಿ ನೋಡಿದೆ. ಅವನ ಅಂಗಡಿ ಗೋಡೆಯ ಮೇಲೆ ನಾವು ಅಂಟಿಸಿದ್ದ ದೊಡ್ಡ ಪೋಸ್ಟರಿನ ಕೆಳಗಿನ ಅರ್ಧದ ಮೇಲೆ ಪಾರ್ಕಿನವರು ತಮ್ಮದನ್ನು ಅಂಟಿಸಿದ್ದರು. ಮೇಲೆ ‘ಕೊಳ್ಳೇಗಾಲಕ್ಕೆ ರೈಲು’ ಎಂಬ ನಮ್ಮ ಅಕ್ಷರ. ಕೆಳಗೆ ಬಣ್ಣದ ರೈಲಿನಲ್ಲಿ ಎರಡೂ ಕೈ ಎತ್ತಿ ನಗುತ್ತಿರುವ ಸಂಸಾರಗಳು. ನಮ್ಮ ‘ಬೇಕು’ ಅವರ ರೈಲಿನ ಕೆಳಗೆ ಸಿಕ್ಕಿಹಾಕಿಕೊಂಡಿತ್ತು.

‘ಅದು ಆಟದ್ದು ಕಣಯ್ಯ. ಕಂಬಿ ನೋಡು, ಹೆಂಗೆ ಸುತ್ತಿಕೊಂಡಿದೆ’ ಎಂದು ರೇಗಿದೆ.

ಅವನು ಪೋಸ್ಟರಿಗೆ ಮೂಗು ತಾಗಿಸಿ ನೋಡಿದ. ‘ನಾನೂ ಅದನ್ನೇ ಯೋಚ್ನೆ ಮಾಡ್ದೆ ಸಾ. ಆಮೇಲೆ ಗೊತ್ತಾಯ್ತು. ಜಮೀನು ಕೊಡದೇ ಇರೋರ ಒಲಾನೆಲ್ಲ ಸುತ್ತಿ ಬಳಸ್ಕಂಡು ಓಗ್ತದೆ.’

ಏರಿಯ ಮೇಲೆ ಅಭ್ಯಾಸ

ಇಲ್ಲಿಂದ ವಿಷಯ ಬಿಗಡಾಯಿಸಿತು. ಅಕ್ಕ ಆ ರೈಲು ಹತ್ತಲೇಬೇಕೆಂದು ಹಟ ಹಿಡಿದಳು.

‘ಆಣೆ ಮಾಡಿದ್ದೀವಿ ಕಣಕ್ಕ’ ಅಂದೆ.

‘ಆಣೆ ಮಾಡ್ದಾಗ ನನ್ ಮಂಡಿ ಗಟ್ಟಿಯಾಗಿದ್ವು. ನೀನು ತರೋ ರೈಲ್ಗೆ ಕಾಯ್ತಾ ಕುಂತ್ರೆ ನನ್ನ ಅತ್ತಿಸಕ್ಕೆ ನಾಕು ಜನ ಬೇಕಾಯ್ತದೆ. ಸಾಯೋದ್ರೊಳ್ಗೆ ಒಂದ್ಸಲ ಕಂಬಿ ಮ್ಯಾಲೆ ಕೂರಬೇಕು ಕಣ್ಲಾ. ಬ್ಯಾಡ ಅಂದ್ರೆ ನಿನ್ ಧರಣಿಗೆ ಇನ್ ಬರಕಿಲ್ಲ.’

ಅಕ್ಕ ಬರದಿದ್ದರೆ ಕಳೆ ಕೀಳುವವರು ಯಾರೂ ಬರುವುದಿಲ್ಲ. ಅವರು ಬರದಿದ್ದರೆ ಚಳವಳಿ ಅಂದರೆ ನಾನು ಮತ್ತು ನನ್ನ ಬಾವುಟ. ಹೋಗಲಿ ಎಂದು ಬಿಟ್ಟರೆ ಆಣೆ ಮುರಿದವರು ಎಂದು ಊರೇ ಉಗಿಯುತ್ತದೆ.

ನಾನು ತಲೆ ಕೆರೆದುಕೊಳ್ಳುತ್ತಿರುವಾಗ ಅಕ್ಕನ ಗುಂಪಿನವರು ಅಭ್ಯಾಸವನ್ನೇ ಶುರು ಮಾಡಿದ್ದರು. ಎತ್ತು ಕಟ್ಟದ ಗಾಡಿಯನ್ನು ಕೆರೆ ಏರಿ ಮೇಲಕ್ಕೆ ತಳ್ಳಿ, ಅದರಲ್ಲಿ ಕೂತು ಕೆಳಕ್ಕೆ ಬಿಟ್ಟುಕೊಂಡರು. ‘ಕೈ ಎತ್ರಮ್ಮಿ! ಪೋಸ್ಟರಲ್ಲಿ ಎಲ್ರೂ ಕೈ ಎತ್ತವ್ರೆ!’ ಎಂದು ಅಕ್ಕ ಕೂಗುವುದು ನನಗೆ ದಾರಿಯಲ್ಲೇ ಕೇಳಿಸಿತು. ಓಡಿ ಹೋಗಿ ನೋಡಿದರೆ ಗಾಡಿ ಕೆಸರುಗದ್ದೆಯ ನಡುವೆ ಅಚ್ಚಿನ ತನಕ ಹೂತುಕೊಂಡಿದೆ. ಮುಖಕ್ಕೆಲ್ಲ ಕೆಸರು ಮೆತ್ತಿಕೊಂಡ ಹೆಂಗಸರು ಇನ್ನೂ ಎರಡೂ ಕೈ ಎತ್ತಿಕೊಂಡೇ ಕೂತಿದ್ದಾರೆ.

‘ಕೈ ಇಳಿಸಕ್ಕ’ ಅಂದೆ.

‘ನಿಂತದಾ?’ ಅಂದಳು ಕಣ್ಣು ಮುಚ್ಚಿಕೊಂಡೇ.

ತಮ್ಮಡಿಯ ತೀರ್ಪು

ಕೊನೆಗೆ ಕೌದಳ್ಳಿಯಲ್ಲಿದ್ದ ಒಬ್ಬ ಮುದಿ ತಮ್ಮಡಿಯ ಹತ್ತಿರ ಹೋದೆವು. ಮಾದಪ್ಪನ ಪೂಜೆ ಮಾಡಿದವರು. ಇದು ಆಣೆಗೆ ಸೇರುವ ರೈಲೋ ಅಲ್ಲವೋ ಅವರೇ ಹೇಳಲಿ ಎಂದು ಒಪ್ಪಂದವಾಯಿತು.

‘ಕಂಬಿ ಮ್ಯಾಲೆ ಓಡ್ತದಾ?’ ಎಂದರು.

‘ಓಡ್ತದೆ’ ಅಂದೆ ಖುಷಿಯಿಂದ.

‘ಅಂಗಾದ್ರೆ ರೈಲೇ.’

ಅಕ್ಕ ಅಡ್ಡ ಬಂದಳು. ‘ಬುದ್ಧಿ, ಅದು ಅತ್ತಿದ್ ಜಾಗಕ್ಕೇ ತಂದು ಇಳುಸ್ತದೆ. ಯಾವೂರ್ಗೂ ಓಗಲ್ಲ.’

‘ಅಂಗಾದ್ರೆ ಜಾತ್ರೆ ರಾಟೆ’ ಎಂದರು ತಮ್ಮಡಿ.

‘ಎಲ್ಲರೂ ಅದನ್ನ ರೈಲು ಅಂತಲೇ ಕರೀತಾರೆ’ ಅಂದೆ.

‘ನನ್ ಮೊಮ್ಮಗನ್ನ ಎಲ್ರೂ ರಾಜ ಅಂತಾರೆ. ಕುರಿ ಕಾಯ್ತಾನೆ.’ ಆಮೇಲೆ ‘ನೋಡ್ದೆ ತೀರ್ಪು ಏಳಬಾರ್ದು. ನಾನೇ ಬತ್ತೀನಿ. ಅತ್ತಿ ಕುಂತು ನೋಡಿ ಏಳ್ತೀನಿ’ ಎಂದರು.

‘ಹತ್ತಿದ ಮೇಲೆ ಅದು ರೈಲೇ ಅಂತ ಗೊತ್ತಾದರೆ ಆಣೆ ಮುರಿದಂಗಾಗಲ್ವಾ ಬುದ್ಧಿ?’ ಎಂದೆ.

‘ಆಣೆ ಮಾಡಿದ್ದು ನೀವು ಕಣಪ್ಪ, ನಾನಲ್ಲ. ಕಿಟಕಿ ಪಕ್ಕದ ಸೀಟ್ ಮಡಗಿ.’

ಹತ್ತುವಾಗ, ಇಳಿಯುವಾಗ

ಯುಗಾದಿ ಕಳೆದ ಮೇಲೆ ಬುತ್ತಿ ಕಟ್ಟಿಕೊಂಡು ಹೊರಟೆವು. ಪಾರ್ಕಿನಲ್ಲಿ ಮೈಲುದ್ದ ಸಾಲು. ಆ ಸಾಲಿನಲ್ಲಿ, ಹೆಂಡತಿ ಮಕ್ಕಳ ಜೊತೆ, ನಮ್ಮ ಕೊಳ್ಳೇಗಾಲದ ಕಚೇರಿಯ ಈಗಿನ ಅಧಿಕಾರಿ! ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

‘ಏನು ಲೀಡರ್, ಹೋರಾಟ ಇಲ್ಲಿಗೂ ಬಂತಾ?’ ಅಂದರು.

‘ಪರಿಶೀಲನೆ’ ಅಂದೆ, ಮುಖ ಬಿಗಿದುಕೊಂಡು.

ತಮ್ಮಡಿ ಮೊದಲು ಹೋಗಿ ಕಂಬಿ ಮುಟ್ಟಿದರು, ಹಿಂದೆ ಮುಂದೆ ನೋಡಿದರು. ‘ಇಂಜಿನ್ನೇ ಇಲ್ಲ. ಇದು ರೈಲಲ್ಲ, ಅತ್ಕಳ್ರಪ್ಪ’ ಎಂದು ತಾವೇ ಮುಂದಿನ ಸೀಟು ಹಿಡಿದರು. ಅಕ್ಕ ಚಕ್ರಕ್ಕೆ ನಿಂಬೆಹಣ್ಣು ಇಡಲು ಬಗ್ಗಿದಳು. ಅಲ್ಲಿನ ಕೆಲಸದವನು ಓಡಿ ಬಂದು ಹಿಡಿದುಕೊಂಡ. ‘ಒಸಾ ಗಾಡಿ, ಪೂಜೆ ಮಾಡ್ದೇ ಬುಟ್ಟಿದ್ದೀರಲ್ಲಪ್ಪ, ಮನುಷ್ರಾ ನೀವು?’ ಎಂದು ಅವನನ್ನೇ ಬೈದು, ರೈಲಿನ ಹಣೆಗೆ ಕುಂಕುಮ ಇಟ್ಟೇ ಕೂತಳು. ಲೀಡರು ಹತ್ತದಿದ್ದರೆ ತಾವೂ ಹತ್ತುವುದಿಲ್ಲ ಎಂದು ಕೂತಿದ್ದ ಹೆಂಗಸರೂ ಎದ್ದರು. ನಾನು ಅಕ್ಕನ ಪಕ್ಕ ಕೂತೆ.

ಕಟಕಟ ಎಂದು ಅದು ಮೇಲೇರಿತು. ಜನ ಸಣ್ಣಗಾದರು, ಗದ್ದೆಗಳು ಕಂಡವು. ಅಕ್ಕ ಸೀಟಿನ ಅಡ್ಡಕಂಬಿಯ ಮೇಲಿಂದ ಬಗ್ಗಿ ನೋಡಿ, ‘ಲೇ ತಮ್ಮ, ಮುಳ್ಳೂರು ಕಾಣ್ತದೇನ್ಲಾ?’ ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ನನಗೆ ಎದೆ ತುಂಬಿ ಬಂತು. ಮುಷ್ಟಿ ಎತ್ತಿದೆ.

‘ಬೇಕೇ ಬೇಕು!’

‘ರೈಲು ಬೇಕು!’ ಎಂದರು ಹಿಂದಿನವರೆಲ್ಲ. ಕೆಳಗೆ ಸಾಲಿನಲ್ಲಿದ್ದ ಅಧಿಕಾರಿ ತಲೆ ಎತ್ತಿ ನೋಡಿದರು.

ಅಷ್ಟರಲ್ಲಿ ತುದಿ ಬಂತು. ಆಮೇಲೆ ನನ್ನ ಕೆಳಗೆ ಏನೂ ಇರಲಿಲ್ಲ.

‘ಬ್ಯಾಡಾ! ಬ್ಯಾಡಾ!’ ಎಂದು ಅರಚಿದೆ.

ಶಿಸ್ತು ಅಂದರೆ ಶಿಸ್ತು. ‘ರೈಲು ಬ್ಯಾಡಾ!’ ಎಂದು ಇಡೀ ರೈಲು ಉತ್ತರ ಕೊಟ್ಟಿತು.

‘ಅಯ್ಯಯ್ಯೋ!’

‘ಅನ್ಯಾಯ!’

‘ನಿಲ್ಸ್ರೋ!’

‘ರೈಲು ನಿಲ್ಸೀ!’

ಮುಂದಿನ ಸೀಟಿನಿಂದ ತಮ್ಮಡಿ ‘ಮಾದಪ್ಪಾ, ಇದು ರೈಲೇ ಕಣಪ್ಪಾ!’ ಎಂದು ತೀರ್ಪು ತಿದ್ದಿಕೊಳ್ಳುತ್ತಿದ್ದರು.

ಮುಂದಿನ ಧರಣಿಗೆ ಅಕ್ಕ ಮಾತು ತಪ್ಪದೆ ಎಲ್ಲರನ್ನೂ ಕರೆತಂದಳು. ಅದೇ ಅಧಿಕಾರಿ ಮೆಟ್ಟಿಲ ಮೇಲೆ ಬಂದು ನಿಂತರು, ಮುಖದ ತುಂಬ ನಗು.

‘ರೈಲು ಬೇಡ ಅಂತ ನೀವೆಲ್ಲ ಒಂದೇ ದನಿಯಲ್ಲಿ ಕೂಗಿದ್ದನ್ನ ನಾನೇ ಕಿವಿಯಾರೆ ಕೇಳಿದ್ದೀನಿ. ಮೇಲಿನವರಿಗೂ ಹಾಗೇ ಹೇಳಲಾ?’

ಇಷ್ಟು ವರ್ಷದ ಹೋರಾಟ ಅಲ್ಲೇ ಮುಗಿಯಿತು ಅಂದುಕೊಂಡೆ. ಅಕ್ಕ ಮಂಡಿ ಹಿಡಿದುಕೊಂಡು ಎದ್ದು ನಿಂತಳು.

‘ಏಳ್ಕಳಿ ಸಾ, ಬ್ಯಾಡ ಅನ್ನಲ್ಲ. ನಿಮ್ ಮಂತ್ರಿಗಳೂ ಅತ್ತೋ ಗಂಟ ಕೊಡ್ತೀವಿ, ಕೊಡ್ತೀವಿ ಅಂತಾರೆ, ಮ್ಯಾಲಕ್ಕೋದ್ಮೇಲೆ ಇಲ್ಲ ಅಂತಾರೆ. ನಾವೂ ಒಂದ್ಸಲ ಮ್ಯಾಲಕ್ಕೋಗಿದ್ವಿ, ಅಷ್ಟೇಯ.’