ಬೆಣ್ಣೆಯೊಳಗಿನ ಸ್ವಾಮಿ

ನಾಯಿಗೆ ಬೊಗಳುವುದನ್ನು ಯಾರೂ ಕಲಿಸಬೇಕಾಗಿಲ್ಲ. ಕೈ ಕೊಡುವುದನ್ನು, ಚೆಂಡು ತರುವುದನ್ನು ಬಂಗಲೆಯವರು ಕಲಿಸುತ್ತಾರಂತೆ. ಆದರೆ ರಾಗಿಮುದ್ದೆಯನ್ನು ಅಗಿಯದೆ ನುಂಗುವುದನ್ನು ನಾಯಿಗೆ ಕಲಿಸಿದವರು ಈ ಭೂಮಿಯ ಮೇಲೆ ಒಬ್ಬರೇ. ಅವರು ನಮ್ಮ ಮಾವನವರು!

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಮದುವೆಯಾಗಿ ಮುಳಬಾಗಿಲಿನಿಂದ ಕ್ಯಾಲನೂರಿಗೆ ಬಂದಾಗ ಅತ್ತೆ ಇರಲಿಲ್ಲ. ಮಾವನವರೇ ಮನೆಗೆ ಹಿರಿಯರು; ಮುದ್ದೆಗೆ ಹಲ್ಲು ತಾಕಿಸಿದವರನ್ನು ಅವರು ಮನುಷ್ಯರ ಪೈಕಿ ಸೇರಿಸುತ್ತಿರಲಿಲ್ಲ. ಬೆಂಗಳೂರಿನಿಂದ ಬಂದ ನೆಂಟರೊಬ್ಬರು ತುತ್ತನ್ನು ಮೆಲ್ಲಗೆ ಅಗಿಯುತ್ತಿದ್ದಾಗ, "ಯಾಕ್ ಸ್ವಾಮಿ, ಕಲ್ಲು ಸಿಕ್ತಾ?" ಎಂದು ಕೇಳಿಬಿಟ್ಟರು. ಪಾಪ, ಆ ನೆಂಟರು ಮತ್ತೆ ನಮ್ಮ ಮನೆಯಲ್ಲಿ ಎಲೆಯ ಮುಂದೆ ಕೂರಲಿಲ್ಲ.

ನಾಯಿ ಕರಿಯ ಹುಟ್ಟಿದ್ದು ನಂಗಲಿಯಲ್ಲಿ, ಲಾರಿಯವರು ಉಣ್ಣುವ ಹೋಟೆಲಿನ ಹಿಂದೆ. ಗಡಿಯ ಊರಿನವನಾದ್ದರಿಂದ ಅವನಿಗೆ ಕನ್ನಡ ತಿಳಿಯದೆಂದು ಮಾವನವರೇ ತೀರ್ಮಾನಿಸಿ, ಅವನೊಡನೆ ತೆಲುಗಿನಲ್ಲೇ ಮಾತಾಡುತ್ತಿದ್ದರು. ನಮಗೆ ಬೈಗುಳ ಕನ್ನಡದಲ್ಲಿ, ನಾಯಿಗೆ ಮುದ್ದು ತೆಲುಗಿನಲ್ಲಿ! ಸಂಜೆ ಜಗಲಿಯ ಮೇಲೆ ಕೂತು, ತುತ್ತನ್ನು ಅಂಗೈಯಲ್ಲಿ ದುಂಡಗೆ ಹೊರಳಿಸಿ, ಊದಿ ಆರಿಸಿ, ಸಾರಿನಲ್ಲಿ ಅದ್ದಿ ಎದುರಿಗಿಟ್ಟು "ಮಿಂಗರಾ!" ಎನ್ನುವರು. ನುಂಗೋ ಎಂದರ್ಥ. ಕರಿಯ ಕತ್ತೆತ್ತಿ ಗುಳುಕ್ಕೆನಿಸುವನು. "ನೋಡಮ್ಮಾ, ನಿನ್ನ ಗಂಡನಿಗಿಂತ ಇವನೇ ವಾಸಿ" ಎಂದು ನನ್ನತ್ತ ತಿರುಗುವರು.

ನನ್ನ ತವರಿನಿಂದ ಒಂದು ಬೆಳ್ಳಿಯ ಆಂಜನೇಯ ಬಂದಿತ್ತು. ಹೆಬ್ಬೆರಳ ತುದಿಯಷ್ಟಿದ್ದ ಸ್ವಾಮಿ. ಅಮ್ಮ ವಾರವಾರವೂ ಹುಣಸೆಹಣ್ಣು ಹಾಕಿ ಉಜ್ಜಿ ಉಜ್ಜಿ ಅವನ ಗದೆ ಸವೆದು, ಬಾಲ ಸವೆದು, ಮೂತಿಯೂ ನುಣ್ಣಗಾಗಿತ್ತು. ಅಮ್ಮ ತೀರಿಕೊಂಡ ಮೇಲೆ ಅವಳ ಕೈ ಆಡಿದ ವಸ್ತುವೆಂದು ನನಗೆ ಉಳಿದದ್ದು ಅದೊಂದೇ.

ಒಂದು ಶ್ರಾವಣ ಶನಿವಾರ ಸ್ವಾಮಿಗೆ ಬೆಣ್ಣೆ ಅಲಂಕಾರ ಮಾಡಿದೆ. ಮನೆಯಲ್ಲಿ ಹಸು ಕರೆಯುತ್ತಿತ್ತು, ಬೆಣ್ಣೆಗೆ ಬರವಿರಲಿಲ್ಲ, ಧಾರಾಳವಾಗಿ ಮೆತ್ತಿದೆ. ಅಲಂಕಾರ ಮುಗಿದಾಗ ದೇವರು ಹೋಗಿ ಉಂಡೆಯಾಗಿದ್ದ. ಪಡಸಾಲೆಯ ಮಣೆಯ ಮೇಲಿಟ್ಟು ಕರ್ಪೂರ ತರಲು ಒಳಗೆ ಹೋದೆ. ಅಲ್ಲೇ ನಮ್ಮ ಯಜಮಾನರು ಜ್ವರ ಬಂದು ಕಂಬಳಿ ಹೊದ್ದು ಕೂತಿದ್ದರು, ಕೈಯಲ್ಲಿ ಮಾತ್ರೆ. ಮಾವನವರ ದನಿ ಅಡುಗೆಮನೆಗೆ ಕೇಳುತ್ತಿತ್ತು.

"ಇಷ್ಟು ದಪ್ಪ ಮುದ್ದೆ ನುಂಗ್ತೀಯ, ಕಡ್ಲೆಕಾಳಿನಷ್ಟು ಮಾತ್ರೆ ಆಗಲ್ವೇನೋ?"

"ಗಂಟಲಲ್ಲಿ ಸಿಕ್ಕೊಳ್ತದೆ ಕಣಪ್ಪಾ."

"ಸಿಕ್ಕೊಳ್ತದಾ! ನನ್ನ ಹೊಟ್ಟೇಲಿ ಹುಟ್ಟಿ... ಮಿಂಗರಾ!"

ಗುಳುಕ್!

ಕರ್ಪೂರ ಹಿಡಿದು ಓಡಿ ಬಂದರೆ ಮಾತ್ರೆ ಯಜಮಾನರ ಕೈಯಲ್ಲೇ ಇತ್ತು. ಮಣೆಯ ಮೇಲೆ ದೇವರಿರಲಿಲ್ಲ.

ಕರಿಯ ಮೂತಿಯ ಬೆಣ್ಣೆ ನೆಕ್ಕಿಕೊಳ್ಳುತ್ತಿದ್ದ. ಯಜಮಾನರು ನಾಯಿಗೆ ಹೊಡೆಯಲು ದೊಣ್ಣೆ ಎತ್ತಿದರೆ ಮಾವನವರು ಅಡ್ಡ ಬಂದರು. "ಲೇ, ಒಳಗೆ ಸ್ವಾಮಿ ಅವ್ನೆ ಕಣೋ! ಯಾರಿಗೆ ಬೀಳ್ತದೆ ಏಟು?" ಅಂದಿನಿಂದ ಕರಿಯನಿಗೆ ಬಹುವಚನ! ಬಾರೋ ಎನ್ನುವ "ರಾರಾ" ಹೋಗಿ ದಯಮಾಡಿಸಿ ಎನ್ನುವ "ದಯಚೇಯಂಡಿ" ಬಂತು. ಮಂಗಳಾರತಿಯನ್ನು ಎಲ್ಲಿ ತೋರಿಸುವುದೆಂದು ನಾನು ಅಳುತ್ತ ಕೇಳಿದರೆ, ಅವರು ಗಂಭೀರವಾಗಿ ನಾಯಿಯ ಹೊಟ್ಟೆಯತ್ತ ಕೈ ತೋರಿಸಿದರು.

ದನದ ಡಾಕ್ಟರು ಬಂದು ಹೊಟ್ಟೆ ಒತ್ತಿ ನೋಡಿ, "ತಾನಾಗೇ ಬಂದ್ರೆ ಪುಣ್ಯ. ಇಲ್ದಿದ್ರೆ ಕೊಯ್ಯಬೇಕು, ಕೊಯ್ದರೆ ಉಳಿಯೋದು ಕಷ್ಟ" ಎಂದರು. ಮಾವನವರ ಮುಖ ಅಷ್ಟು ಸಣ್ಣಗಾದದ್ದನ್ನು ನಾನು ಕಂಡೇ ಇರಲಿಲ್ಲ. ಬೆಳಗಾದರೆ ಒಂದು ಕಡ್ಡಿ ಹಿಡಿದು ಕರಿಯನ ಹಿಂದೆಯೇ ಹೊರಡುವರು. ಪಕ್ಕದ ಮನೆಯ ಕಲಾಯಿ ಸಾಬರು, "ಏನ್ ಗೌಡ್ರೇ, ನಾಯಿ ಹಿಂದೆ ಎಲ್ಲಿಗೆ ಸವಾರಿ?" ಎಂದರೆ, "ದರ್ಶನಕ್ಕೆ ಸಾಬ್ರೇ!" ಎನ್ನುವರು. ಸಾಬರು ನಗುತ್ತಿದ್ದರು. ಮಾವನವರು ನಗುತ್ತಿರಲಿಲ್ಲ. ಕರಿಯ ಹೊಟ್ಟೆ ಊದಿಸಿಕೊಂಡು, ಮೂಲೆಯಲ್ಲಿ ನರಳುತ್ತ ಮಲಗಿಬಿಡುತ್ತಿದ್ದ. ಅಮ್ಮನ ದೇವರೂ ಬೇಕು, ಈ ಜೀವವೂ ಬೇಕು ಎಂದು ನಾನು ಬರಿದಾದ ಮಣೆಗೇ ಕೈ ಮುಗಿಯುತ್ತಿದ್ದೆ.

ಕೊನೆಗೊಂದು ಬೆಳಿಗ್ಗೆ ಹಿಪ್ಪುನೇರಳೆ ತೋಟದ ಕಡೆಯಿಂದ "ಗೋವಿಂದಾ... ಗೋವಿಂದ!" ಎಂಬ ಮಾವನವರ ಕೂಗು ಕೇಳಿತು. ಸ್ವಾಮಿಯನ್ನು ಅವರು ನನ್ನ ಕೈಗೆ ಒಡನೆ ಕೊಡಲಿಲ್ಲ. ಹುಣಸೆಹಣ್ಣು, ಅರಿಸಿನ, ಗಂಜಲ ಎಲ್ಲ ಹಾಕಿ ತಾವೇ ಉಜ್ಜಿ ಉಜ್ಜಿ ತೊಳೆದು, "ನಿಮ್ಮಮ್ಮನ ದೇವ್ರು, ತಗೋ ತಾಯಿ" ಎಂದರು. ಡಾಕ್ಟರು ನೋಡಿ, "ಗದೆಗಿದೆ ಚೂಪಾಗಿದ್ದಿದ್ರೆ ಕರುಳು ಹರೀತಿತ್ತು" ಎಂದರು. ಅಮ್ಮ ಉಜ್ಜಿ ಸವೆಸಿದ್ದು ಯಾವ ಕಾಲಕ್ಕೆ ಒದಗಿತು ನೋಡಿ!

ಕರಿಯ ಉಳಿದ. ಆದರೆ ಸಂಜೆ ಮಾವನವರು ತುತ್ತು ಹೊರಳಿಸಿ ಎದುರಿಗಿಟ್ಟರೆ, ಮೂಸಿ, ಹಿಂದೆ ಸರಿದು ಕೂತ. ಮರುದಿನವೂ ಅಷ್ಟೇ. ಮುದ್ದೆಯನ್ನು ಪುಡಿಮಾಡಿ ನಾನಿಟ್ಟರೆ ತಿನ್ನುತ್ತಾನೆ. ಅವರ ಕೈ ಕಂಡರೆ ಬಾಲ ಮುದುರುತ್ತಾನೆ. "ಮಿಂಗರಾ" ಎಂಬ ಮಾತು ನಮ್ಮ ಮನೆಯಲ್ಲಿ ನಿಂತೇಹೋಯಿತು. ಆದರೂ ಮಾವನವರು ದಿನಾ ಒಂದು ತುತ್ತು ಹೊರಳಿಸಿಟ್ಟುಕೊಂಡು ಜಗಲಿಯ ಮೇಲೆ ಕೂರುತ್ತಿದ್ದರು. ಕತ್ತಲಾದ ಮೇಲೆ ಅದನ್ನು ಕೋಳಿಗಳ ಬುಟ್ಟಿಯತ್ತ ಎಸೆದು ಒಳಗೆ ಬರುತ್ತಿದ್ದರು.

ಕೆಲವು ವರ್ಷ ಕಳೆದು ಮಾವನವರಿಗೆ ಲಕ್ವ ಹೊಡೆಯಿತು. ಮುದ್ದೆಯ ಸರದಾರರಿಗೆ ಮುದ್ದೆ ನುಂಗಲಾಗದು! ಹಾಲಿನಲ್ಲಿ ಕಿವುಚಿ ಬಾಯಿಗಿಟ್ಟರೆ ಬಲು ಹೊತ್ತು ಅಗಿಯುತ್ತಿದ್ದರು. ಒಂದು ಸಂಜೆ ಹಾಗೆ ಅಗಿಯುತ್ತ, ಅಗಿಯುತ್ತ, ತೊದಲಿದರು.

"ಸಿಹಿಯಾಗಿ ಅದೆ ಕಣಮ್ಮಾ, ರಾಗಿ."

"ಹಾಲು ಹಾಕಿದೀನಲ್ಲ ಮಾವ."

"ಹಾಲಲ್ಲ, ರಾಗೀನೇ. ಅಗಿದ್ರೆ ಗೊತ್ತಾಯ್ತದೆ." ಅವರ ಕಣ್ಣು ಮಂಚದ ಕೆಳಗೆ ಮಲಗಿದ್ದ ಕರಿಯನತ್ತ ಹೋಯಿತು. "ಅವನಿಗೆ ಈ ರುಚಿ ಕಾಣಿಸಲೇ ಇಲ್ವಲ್ಲಮ್ಮಾ ನಾನು."

ಬಟ್ಟಲಿನಿಂದ ಒಂದು ಚೂರನ್ನು ಸ್ವಾಧೀನವಿದ್ದ ಕೈಯಿಂದಲೇ ಹಿಂಡಿ, ಮಂಚದಿಂದ ಕೆಳಗೆ ಚಾಚಿದರು.

"ನಮಿಲಿ ತಿನರಾ" ಎಂದರು. ಅಗಿದು ತಿನ್ನೋ ಎಂದರ್ಥ.

ಕರಿಯ ಎದ್ದು, ಆ ಕೈಯನ್ನು ಮೂಸಿ ಮೂಸಿ ನೋಡಿ, ಚೂರನ್ನು ಬಾಯಿಗೆ ತೆಗೆದುಕೊಂಡ. ಅಗಿಯುತ್ತಲೇ ಇದ್ದ. ಅವನದು ಮುಗಿಯುವ ತನಕ ಮಾವನವರು ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.