ಫ್ಯಾನು ತಿರುಗಿಸಬೇಕಿದ್ದ ಕಿಣ್ವ ಮಹಾಶಯರಿಗೆ

ಮಾನ್ಯರೇ,

ಫ್ರಿಜ್ಜಿನ ಮೇಲಿನ ಹಲಗೆಯಲ್ಲಿ, ನಾಲ್ಕು ಡಿಗ್ರಿ ತಂಪಿನಲ್ಲಿ, ಬೆರಳುದ್ದದ ಸೀಸೆಯೊಳಗೆ ಇಷ್ಟು ಕಾಲ ವಿರಾಜಮಾನರಾಗಿದ್ದ ತಮಗೆ, ತಮ್ಮ ಊಟೋಪಚಾರದಲ್ಲೇ ಐದು ವರ್ಷ ಸವೆಸಿದ ಸಂಶೋಧನಾ ವಿದ್ಯಾರ್ಥಿನಿಯ ಸವಿನಯ ವಂದನೆಗಳು. ತಮಗೆ ಜಾಗ ಸಾಲದೆಂದು ನನ್ನ ಊಟದ ಡಬ್ಬಿಯನ್ನು ಆ ಫ್ರಿಜ್ಜಿನಿಂದ ಹೊರಗಟ್ಟಿದಾಗಲೂ ನಾನು ಚಕಾರವೆತ್ತಲಿಲ್ಲ.

ತಮ್ಮ ಕೆಲಸವಾದರೂ ಎಷ್ಟು? ಸಕ್ಕರೆ ನೀರಿನಿಂದ ಎಲೆಕ್ಟ್ರಾನು ಕಿತ್ತು, ತಾವು ಕುಳಿತ ಇಂಗಾಲದ ಪಟ್ಟಿಗೆ ದಾಟಿಸುವುದು. ಅಷ್ಟಾದರೆ ತಂತಿಯಲ್ಲಿ ವಿದ್ಯುತ್ ಹರಿದು ಅಂಗೈಯಗಲದ ಒಂದು ಫ್ಯಾನು ತಿರುಗುತ್ತದೆ. ಇಂಧನಕೋಶಗಳಲ್ಲಿ ದುಬಾರಿ ಪ್ಲಾಟಿನಂ ಮಾಡುವ ಕೆಲಸವನ್ನು ತಾವು ಬರಿಯ ಸಕ್ಕರೆಗೇ ಮಾಡಿಕೊಡುವಿರೆಂದು ನಮ್ಮ ಮೇಷ್ಟ್ರು ಊರಿಗೆಲ್ಲ ಸಾರಿದ್ದರು. ಆ ಪ್ಲಾಟಿನಂ ಪಾಪ, ಕಾಯಿಸಿದರೂ ದುಡಿಯುತ್ತದೆ, ಆಮ್ಲದಲ್ಲಿ ಅದ್ದಿದರೂ ದುಡಿಯುತ್ತದೆ. ತಮಗೋ ಹುಳಿ ಒಂದು ಹನಿ ಹೆಚ್ಚಾದರೆ ಮುನಿಸು, ಸ್ವಲ್ಪ ಸೆಕೆಯಾದರೆ ಮೂರ್ಛೆ. ಕೆಲಸಕ್ಕೆ ಕರೀಬೇಡ, ಊಟಕ್ಕೆ ಮರೀಬೇಡ ಎಂಬ ಮಾತು ತಮ್ಮನ್ನು ನೋಡಿಯೇ ಹುಟ್ಟಿರಬೇಕು. ಪಟ್ಟಿಯ ಮೇಲೆ ಕೂರಿಸಿದರೆ ಬೆನ್ನು ಹಾಕಿ ಕೂರುತ್ತೀರಿ. ನಡುವೆ ಇನ್ನೊಂದು ರಾಸಾಯನಿಕವನ್ನು ದಲ್ಲಾಳಿಯಾಗಿ ನೇಮಿಸುವ ತನಕ ಕಿತ್ತ ಎಲೆಕ್ಟ್ರಾನು ತಮ್ಮ ಮೇಜು ಬಿಟ್ಟು ಕದಲುವುದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂದಹಾಗಾಯಿತು. ನಮ್ಮಮ್ಮನಂತೂ, ಸ್ವಿಚ್ ಹಾಕಿದರೆ ತಿರುಗುವ ಫ್ಯಾನಿಗೆ ಐದು ವರ್ಷ ಸಕ್ಕರೆ ಕಲಸಬೇಕೇ ಎಂದು ಕೇಳಿ ಕೇಳಿ ಸುಸ್ತಾಗಿದ್ದಾರೆ.

ಕಳೆದ ವಾರ ಪರಿಶೀಲನಾ ಸಮಿತಿ ಬರುವುದಿತ್ತು. ಅವರೆದುರು ಫ್ಯಾನು ಹತ್ತು ನಿಮಿಷ ತಿರುಗದಿದ್ದರೆ ಯೋಜನೆಗೆ ಬೀಗ, ನನ್ನ ಪದವಿಗೂ ಎಳ್ಳುನೀರು. ಹಿಂದಿನ ದಿನ ಮಧ್ಯಾಹ್ನ ತಾವು ಇಪ್ಪತ್ತೆರಡು ನಿಮಿಷ ಗಿರಗಿರ ತಿರುಗಿಸಿದಿರಿ; ನೋಡಲು ನನ್ನ ಹೊರತು ನರಪಿಳ್ಳೆಯೂ ಇರಲಿಲ್ಲ, ನಾನು ಅತ್ತುಬಿಟ್ಟೆ. ಮರುದಿನ ಬೆಳಿಗ್ಗೆ, ದೊಡ್ಡವರು ಬರುತ್ತಾರೆ, ಎಲ್ಲ ಫಳಫಳ ಹೊಳೆಯಲಿ ಎಂದು ಗಾಜಿನ ಸಾಮಾನನ್ನೆಲ್ಲ, ಕುಕ್ಕರಿನಂತೆ ಬೇಯಿಸಿ ಶುದ್ಧಮಾಡುವ ಹಬೆಯ ಯಂತ್ರಕ್ಕೆ ತುಂಬಿದೆ. ಅದೇ ತಟ್ಟೆಯಲ್ಲಿ ತಮ್ಮನ್ನು ಹೊತ್ತ ಪಟ್ಟಿಯೂ ಇತ್ತು. ಅರ್ಧ ಗಂಟೆಯ ನಂತರ ಬಾಗಿಲು ತೆರೆದಾಗ ತಾವು ಬೆಂದುಹೋಗಿದ್ದಿರಿ, ಬದಲಿಗೆ ಕೂರಿಸೋಣವೆಂದರೆ ಫ್ರಿಜ್ಜಿನ ಸೀಸೆಯಲ್ಲಿ ತಮ್ಮವರಾರೂ ಉಳಿದಿರಲಿಲ್ಲ. ಐದು ವರ್ಷ ಉಪ್ಪಲ್ಲದಿದ್ದರೂ ಸಕ್ಕರೆಯನ್ನಾದರೂ ತಿಂದ ಋಣಕ್ಕೆ ಒಳಗಿನಿಂದ ಒಂದು ಸಲ ಕೂಗಬಾರದಿತ್ತೇ? ಈಗಲೂ ಕಾಲ ಮಿಂಚಿಲ್ಲ. ಬೆಂದ ಮೊಟ್ಟೆ ಹಸಿಯಾಗುವ ವಿಧಾನ ತಮಗೆ ತಿಳಿದಿದ್ದರೆ ದಯವಿಟ್ಟು ಅನುಸರಿಸಬೇಕು.

ಮೇಷ್ಟ್ರು ನನ್ನ ಮುಖ ನೋಡಿದವರೇ ಖಾನೆಯಿಂದ ಒಂದು ಪೆನ್ನು ಸೆಲ್ ತೆಗೆದು, ಮೇಜಿನ ಕೆಳಗೆ ಅಂಟಿಸಿ ಫ್ಯಾನಿಗೆ ತಂತಿ ಎಳೆದುಬಿಡು, ಯಾರು ಬಗ್ಗಿ ನೋಡುತ್ತಾರೆ ಎಂದರು. ಕೈಗೆ ತೆಗೆದುಕೊಂಡೆ, ಸುಳ್ಳೇಕೆ ಹೇಳಲಿ. ಅಂಟಿಸಲು ಮನಸ್ಸು ಬರಲಿಲ್ಲ. ತಾವು ನಿಜವಾಗಿ ತಿರುಗಿಸಿದ ಆ ಇಪ್ಪತ್ತೆರಡು ನಿಮಿಷಕ್ಕೆ ಮಸಿ ಬಳಿದಂತಾಗುತ್ತಿತ್ತು. ನಿಂತ ಫ್ಯಾನಿನ ಮುಂದೆ ನಿಂತು, ನಾನೇ ಬೇಯಿಸಿಬಿಟ್ಟೆ ಎಂದು ಒಪ್ಪಿಕೊಂಡೆ. ಮೇಷ್ಟ್ರು ಕಿಟಕಿಯಾಚೆ ಏನನ್ನೋ ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ಸಮಿತಿಯ ಹಿರಿಯರು ಬಗ್ಗಿ, ಮೇಜಿನ ಬಟ್ಟೆ ಎತ್ತಿ, ಕೆಳಗೆಲ್ಲ ಕಣ್ಣಾಡಿಸಿ ಎದ್ದರು. “ಇವತ್ತು ಇದೂ ಸೇರಿ ಇಂಥವೇ ನಾಲ್ಕು ಲ್ಯಾಬ್ ನೋಡ್ದೆ ಕಣಮ್ಮ, ಮೂರರಲ್ಲಿ ಫ್ಯಾನು ಚೆನ್ನಾಗೇ ತಿರುಗ್ತಿತ್ತು, ಬಟ್ಟೆ ಎತ್ತೋ ತನಕ,” ಎಂದು, ನನಗೆ ಇನ್ನೂ ಆರು ತಿಂಗಳ ಗಡುವು ಬರೆದುಕೊಟ್ಟರು.

ಬೇಯಿಸಿದ ಮೇಲೂ ತಮ್ಮ ವಿಶ್ವಾಸಿ,
ಸಕ್ಕರೆ ಕಲಸುವವಳು

ತಾ.ಕ.: ಸೋಮವಾರ ತಮ್ಮ ವಂಶಸ್ಥರು ಹೊಸ ಸೀಸೆಯಲ್ಲಿ ಚಿತ್ತೈಸುತ್ತಿದ್ದಾರೆ. ಹಬೆಯ ಯಂತ್ರದ ಕೀಲಿಯನ್ನು ಮೇಷ್ಟ್ರು ನನ್ನಿಂದ ಕಿತ್ತುಕೊಂಡಿದ್ದಾರೆ. ಸೆಲ್ಲಿನ ಖಾನೆಯ ಕೀಲಿಯನ್ನು ನಾನು ಅವರಿಂದ.